ಬೀಗಿತ್ತಿಯ ಮುತ್ತಜ್ಜಿಯನ್ನು ಹುಡುಕಿ

ಮೊಮ್ಮಗಳ ನಾಮಕರಣದ ದಿನ ಪುರೋಹಿತರು ನನ್ನ ಅಳಿಯನ ಮುತ್ತಾತನ ಹೆಸರು ಕೇಳಿದರು. ಶುಭಕಾರ್ಯಕ್ಕೆ ಮೊದಲು ನಾಂದಿ ಇಡುತ್ತಾರಲ್ಲ, ತೀರಿಕೊಂಡ ಹಿರಿಯರನ್ನು ಮೂರು ತಲೆಮಾರಿನವರೆಗೆ ಹೆಸರು ಹಿಡಿದು ಕರೆದು ಆಶೀರ್ವಾದ ಬೇಡುವ ಶಾಸ್ತ್ರ, ಅದಕ್ಕೆ. ಅಳಿಯ ತಂದೆಯ ಹೆಸರು ಹೇಳಿದ, ತಾತನ ಹೆಸರು ಹೇಳಿದ, ಆಮೇಲೆ ತಿರುಗಿ ತನ್ನ ತಾಯಿಯ ಮುಖ ನೋಡಿದ. ಅವರು ಗೊತ್ತಿಲ್ಲವೆಂದು ತಲೆಯಾಡಿಸಿದರು.

ಪುರೋಹಿತರು ನ್ಯೂಜೆರ್ಸಿಯಲ್ಲಿ ಇಂಥವನ್ನು ಎಷ್ಟೋ ನೋಡಿದವರು. "ಯೋಚನೆ ಮಾಡ್ಬೇಡಿ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ, ಹೆಸರು ಗೊತ್ತಿಲ್ಲದ ಕಡೆ ದೇವರ ಹೆಸರು. ಶಾಸ್ತ್ರದಲ್ಲೇ ಅವಕಾಶ ಇದೆ" ಎಂದು ಮುಂದಿನ ಮಂತ್ರಕ್ಕೆ ಹೋದರು. ನಮ್ಮ ಕಡೆಯವರು ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಅಡುಗೆ ಆರುತ್ತಿತ್ತು.

ಅಳಿಯ ಆಫ್ರಿಕನ್ ಅಮೆರಿಕನ್, ನ್ಯೂವಾರ್ಕಿನಲ್ಲಿ ಹುಟ್ಟಿ ಬೆಳೆದವನು. ಅವನ ತಾಯಿ, ಅಂದರೆ ನನ್ನ ಬೀಗಿತ್ತಿ, ಅಲ್ಲಿಯ ಶಾಲೆಯೊಂದರಲ್ಲಿ ಗಣಿತ ಕಲಿಸಿ ರಿಟೈರ್ ಆದವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ನಮ್ಮಿಬ್ಬರಿಗೂ ಸರಿಸುಮಾರು ಒಂದೇ ವಯಸ್ಸು. ಬೀಗರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಹೊರಳುವುದಿಲ್ಲ, "ಬೀಗರೇ" ಎನ್ನುತ್ತಿದ್ದೆ. ಅವರು ಅದರ ಅರ್ಥ ಕೇಳಿ ತಿಳಿದುಕೊಂಡು ನನ್ನನ್ನೂ ಬೀಗರೇ ಅನ್ನತೊಡಗಿದರು. ಅವರು ಮಾತಾಡುವುದು ಇಂಗ್ಲಿಷೇ. ಇಲ್ಲಿ ಅದನ್ನು ನನ್ನ ಮನೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಊಟವಾದ ಮೇಲೆ ಮನ್ರೋ ಊರಿನ ನಮ್ಮ ಮನೆಯ ಹಿಂದಿನ ಹಲಗೆಯ ಡೆಕ್ ಮೇಲೆ ಇಬ್ಬರೇ ಕೂತಿದ್ದಾಗ ಅವರು ಕೇಳಿದರು: "ನನ್ನ ಮಗನಿಗೆ ಅವರು ಯಾರ ಹೆಸರು ಕೊಟ್ಟಿದ್ದು?"

"ಅದು ಒಬ್ಬ ಋಷಿಯ ಹೆಸರು. ಗೊತ್ತಿಲ್ಲದೋರಿಗೆಲ್ಲ ಅದನ್ನೇ ಕೊಡೋದು" ಎಂದೆ.

"ಗೊತ್ತಿಲ್ಲ ಅಂತ ಯಾರದೋ ಹೆಸರು ಅಂಟಿಸೋದು ನಮಗೇನೂ ಹೊಸದಲ್ಲ ಬಿಡಿ" ಎಂದು ನಕ್ಕರು. ನಗು ಕೂಡಲೇ ನಿಂತುಹೋಯಿತು. ಆಮೇಲೆ ತಮ್ಮ ಅಜ್ಜಿಯ ವಿಷಯ ಹೇಳಿದರು. ಅವರನ್ನು ಸಾಕಿದ್ದು ತಾಯಿಯ ತಾಯಿ. ಹುಡುಗಿಯಾಗಿದ್ದಾಗಲೇ ಅಮೆರಿಕದ ದಕ್ಷಿಣದಿಂದ ರೈಲು ಹತ್ತಿ ನ್ಯೂವಾರ್ಕಿಗೆ ಬಂದವಳು. ದಕ್ಷಿಣದಲ್ಲಿ ಎಲ್ಲಿಂದ? ಹೇಳಲಿಲ್ಲ. ನಿನ್ನ ಅಮ್ಮ ಯಾರು, ಅವಳ ಹೆಸರೇನು? ಅದನ್ನು ಕೇಳಿದರೆ ಅಜ್ಜಿ ಎದ್ದುಹೋಗಿ ಸಿಂಕಿನ ನಲ್ಲಿ ಬಿಟ್ಟು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳಂತೆ. ಸಾಯುವವರೆಗೂ ಬಾಯಿ ಬಿಡಲಿಲ್ಲ.

"ಅಜ್ಜಿಗೆ ತನ್ನ ಜನ ಅಂದ್ರೆ ನಾಚಿಕೆ ಇತ್ತೋ, ಅಥವಾ ಅವರಿಗೇ ಇವಳು ಬೇಡವಾಗಿದ್ದಳೋ. ಎರಡರಲ್ಲಿ ಒಂದು ಇರ್ಬೇಕು. ಯಾವುದು ಅಂತ ಗೊತ್ತಾದ್ರೆ ಸಾಕು ನನಗೆ. ಆ ತಾಯಿಯ ಹೆಸರು ಗೊತ್ತಾದ್ರೆ ಇನ್ನೂ ಸಂತೋಷ" ಎಂದರು.

ನನಗೆ ಮೊದಲಿನಿಂದಲೂ ಕೆದಕುವ ಚಟ. ಪಟೇಲ್ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿರುವ ಹುಡುಗಿ ಕನ್ನಡ ಮಾತಾಡಿದಳೆಂದರೆ ಸಾಕು, ಬಿಲ್ ಕೌಂಟರಿಗೆ ಬರುವಷ್ಟರಲ್ಲಿ ಅವಳ ತಾಯಿಯ ತೌರು ಮೈಸೂರಿನ ಯಾವ ಬೀದಿ ಎಂಬುದು ನನಗೆ ಗೊತ್ತಾಗಿರುತ್ತದೆ. ಮಗಳಿಗೆ ನಾಚಿಕೆ. "ಅಮ್ಮಾ, ಯೂ ಕಾಂಟ್ ಜಸ್ಟ್ ಆಸ್ಕ್ ಪೀಪಲ್ ದಟ್" ಎಂದು ನನ್ನ ತೋಳು ಎಳೆಯುತ್ತಾಳೆ. ಫಾರ್ಮಸಿ ಕೆಲಸದಿಂದ ರಿಟೈರ್ ಆಗಿ ಕೈ ಖಾಲಿಯಿದ್ದ ನನಗೆ ಬೀಗಿತ್ತಿಯ ಮಾತು ತಲೆಯೊಳಗೆ ಹುಳ ಬಿಟ್ಟಂತಾಯಿತು. "ನಾನು ಹುಡುಕಿಕೊಡ್ತೀನಿ" ಎಂದುಬಿಟ್ಟೆ.

ಮರುದಿನವೇ ಶುರು. ವಂಶ ಹುಡುಕುವ ವೆಬ್‌ಸೈಟಿಗೆ ಸೇರಿದೆ. ಊಟದ ಮೇಜಿನ ತುಂಬ ಪ್ರಿಂಟ್‌ಔಟ್‌ಗಳು. ನಮ್ಮ ಯಜಮಾನರು ತಟ್ಟೆ ಇಡಲು ಜಾಗ ಸಿಗದೆ ನಿಂತುಕೊಂಡೇ ಉಪ್ಪಿಟ್ಟು ತಿಂದು, "ನಮ್ಮ ತಾತನ ಆಸ್ತಿ ಎಲ್ಲಿ ಹೋಯ್ತು ಅಂತ ಹೀಗೇ ಹುಡುಕಿದ್ದಿದ್ರೆ ಇಷ್ಟೊತ್ತಿಗೆ ನಾವು ಶ್ರೀಮಂತರಾಗಿರ್ತಿದ್ವಿ" ಎಂದರು. ಕೇಳಿಸದವಳ ಹಾಗೆ ಇದ್ದೆ. ಅಳಿಯನ ತಂದೆ, ಅವರ ತಂದೆ, ಅವರ ತಂದೆ ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತ ವರ್ಜೀನಿಯಾದ ಒಂದು ಹಳ್ಳಿಗೆ ಬಂದು ತಲುಪಿದೆ. ಅಲ್ಲಿಂದ ಹಿಂದೆ ಗೋಡೆ. ಗುಲಾಮಗಿರಿಯಿಂದ ಬಿಡುಗಡೆಯಾಗುವ ಮೊದಲಿನ ದಾಖಲೆಗಳಲ್ಲಿ ಅವರ ಜನರಿಗೆ ಹೆಸರೇ ಇಲ್ಲ. ಒಡೆಯನ ಹೆಸರು ಇದೆ, ಅದರ ಕೆಳಗೆ ಗಂಡು, ಹೆಣ್ಣು, ವಯಸ್ಸು. ದನಗಳಿಗಾದರೂ ಒಂದು ಹೆಸರಿಟ್ಟು ಕರೆಯುತ್ತಾರೆ.

ಅಳಿಯನ ಮನೆತನದ ಹೆಸರೂ ಆ ಒಡೆಯನ ಮನೆತನದ ಹೆಸರೂ ಒಂದೇ, ಗುಲಾಮರಿಗೆ ಒಡೆಯನ ಹೆಸರನ್ನೇ ಅಂಟಿಸುತ್ತಿದ್ದರಂತೆ. ಒಡೆಯನ ಬಂಗಲೆ ಈಗ ಟಿಕೆಟ್ ಇಟ್ಟು ತೋರಿಸುವ ಐತಿಹಾಸಿಕ ಸ್ಥಳ. ವಸಂತ ಬಂದ ಮೇಲೆ ನಾವು ಮೂವರು, ಯಜಮಾನರು, ನಾನು, ಬೀಗಿತ್ತಿ, ಟರ್ನ್‌ಪೈಕ್ ಹೆದ್ದಾರಿ ಹಿಡಿದು ಡ್ರೈವ್ ಮಾಡಿಕೊಂಡು ಹೊರಟೆವು. ಡಬ್ಬಿಯಲ್ಲಿ ಪುಳಿಯೋಗರೆ ಇತ್ತು. ಬೀಗಿತ್ತಿ ಹಿಂದಿನ ಸೀಟಿನಲ್ಲಿ ಕೂತು ಕಡಲೆಬೀಜವನ್ನು ಮಾತ್ರ ಆರಿಸಿ ತಿಂದರು.

ಬಂಗಲೆ ತೋರಿಸಿದ ಹುಡುಗಿ ಬೆಳ್ಳಿ ಚಮಚ, ಪರದೆಯ ಕಸೂತಿ, ಮೆಟ್ಟಿಲ ಕಟಾಂಜನದ ಮರ, ಎಲ್ಲದರ ಬಗ್ಗೆಯೂ ಹೇಳಿದಳು. ಹಿಂದಿನ ಅಡುಗೆಮನೆಯ ಗೋಡೆಯ ಹತ್ತಿರ ಅವಳು ಒಂದು ಇಟ್ಟಿಗೆ ತೋರಿಸಿದಳು. ಹಸಿಯಾಗಿದ್ದಾಗ ಎತ್ತಿಟ್ಟವರ ಬೆರಳಚ್ಚು ಅದರ ಅಂಚಿನಲ್ಲಿ ಹಾಗೇ ಸುಟ್ಟು ಉಳಿದಿತ್ತು. ಸಣ್ಣ ಸಣ್ಣ ಬೆರಳುಗಳು. ಇಟ್ಟಿಗೆ ಹೊರುವ ಕೆಲಸ ಮಕ್ಕಳದಾಗಿತ್ತಂತೆ. ಬೀಗಿತ್ತಿ ತಮ್ಮ ಕಿರುಬೆರಳನ್ನು ಆ ಗುಳಿಯಲ್ಲಿ ಇಟ್ಟು ನೋಡಿದರು. ಅದೂ ಒಳಗೆ ಹಿಡಿಯಲಿಲ್ಲ.

"ನನ್ನ ಗಂಡ ಇದನ್ನ ನೋಡ್ಬೇಕಿತ್ತು" ಎಂದರು. ನನ್ನ ಕಡೆ ತಿರುಗಿ, "ಬೀಗರೇ, ಒಂದು ಕೇಳ್ಲಾ? ಇದು ಅವರ ವಂಶ. ನನ್ನದು ಯಾವಾಗ ಹುಡುಕೋದು?"

ಅಲ್ಲೇ ಬೆಪ್ಪಾಗಿ ನಿಂತೆ. ಡೆಕ್ ಮೇಲೆ ಕೂತು ಅವರು ಹೇಳಿದ್ದು ತಮ್ಮ ಅಜ್ಜಿಯ ತಾಯಿಯ ವಿಷಯ. ಚಳಿಗಾಲವೆಲ್ಲ ನಾನು ಹುಡುಕಿದ್ದು ಅವರ ಗಂಡನ ತಾತನ ಮೂಲವನ್ನು. ನಮ್ಮಲ್ಲಿ ಧಾರೆ ಎರೆದ ಕ್ಷಣದಿಂದ ಹೆಣ್ಣಿನ ಗೋತ್ರ ಗಂಡನ ಗೋತ್ರ, ಅವಳ ವಂಶ ಗಂಡನ ವಂಶ. ಬೀಗಿತ್ತಿಯ ಮೂಲ ಎಂದ ಕೂಡಲೇ ನನ್ನ ತಲೆ ಯಾರನ್ನೂ ಕೇಳದೆ ಅವರ ಗಂಡನ ಮನೆಯ ಬಾಗಿಲಿಗೇ ಹೋಗಿ ನಿಂತಿತ್ತು.

"ಅಲ್ಲ, ಮೊದಲೇ ಹೇಳಬಾರದಿತ್ತಾ?" ಎಂದು ಅವರ ಮೇಲೆಯೇ ರೇಗಿದೆ.

"ನಿಮಗೆ ಅಷ್ಟು ಖುಷಿಯಾಗ್ತಿತ್ತು. ಹೇಗೆ ಹೇಳ್ಲಿ?" ಎಂದು ಅವರು ಜೋರಾಗಿ ನಕ್ಕರು. ಗೈಡ್ ಹುಡುಗಿ ತಿರುಗಿ ನೋಡಿದಳು. ಯಜಮಾನರಂತೂ ವಾಪಸ್ ಮನೆ ಮುಟ್ಟುವವರೆಗೂ ಇದನ್ನೇ ಹಿಡಿದು ನನ್ನನ್ನು ಆಡಿಕೊಂಡರು.

ಎರಡನೆಯ ಸಲ ಬೇರೆ ರೀತಿ ಯೋಚಿಸಿದೆ. ಅಜ್ಜಿಯ ಬಗ್ಗೆ ಕಂಪ್ಯೂಟರಿನಲ್ಲಿ ಸಿಕ್ಕಿದ್ದೆಲ್ಲ ನ್ಯೂವಾರ್ಕಿನದೇ. ಹುಟ್ಟಿದ್ದು ಸೌತ್ ಕೆರೊಲಿನಾ ಎಂದಿತ್ತು, ಅಷ್ಟೇ. ಅದು ಕರ್ನಾಟಕದಲ್ಲಿ ಹುಟ್ಟಿದವಳು ಎಂದಷ್ಟೇ ಹೇಳಿದ ಹಾಗಾಯಿತು. ಆಗ ನಾವು ಮೊದಲು ಎಡಿಸನ್ನಿನಲ್ಲಿದ್ದ ಅಪಾರ್ಟ್‌ಮೆಂಟ್ ನೆನಪಾಯಿತು. ದಾವಣಗೆರೆಯ ಒಬ್ಬರು ಬಂದರು, ಆಮೇಲೆ ಅವರ ಭಾವಮೈದುನ, ಅವನ ಕ್ಲಾಸ್‌ಮೇಟ್, ಕ್ಲಾಸ್‌ಮೇಟಿನ ಅಕ್ಕ. ಕೊನೆಗೆ ಒಂದು ಬಿಲ್ಡಿಂಗಿಗೆ ಬಿಲ್ಡಿಂಗೇ ಬೆಣ್ಣೆದೋಸೆಯ ವಾಸನೆ. ಊರು ಬಿಟ್ಟವರು ಯಾರೂ ಕಣ್ಣು ಮುಚ್ಚಿಕೊಂಡು ರೈಲು ಹತ್ತುವುದಿಲ್ಲ. ಇಳಿದ ಕಡೆ ಯಾರೋ ಊರಿನವರು ಇದ್ದೇ ಇರುತ್ತಾರೆ.

"ನಿಮ್ಮ ಅಜ್ಜಿ ನ್ಯೂವಾರ್ಕಿನಲ್ಲಿ ಯಾರ ಜೊತೆ ಒಡನಾಡ್ತಿದ್ರು?" ಎಂದು ಕೇಳಿದೆ.

"ಚರ್ಚಿನವರ ಜೊತೆ. ಬೇರೆ ಯಾರೂ ಇಲ್ಲ" ಎಂದರು.

ಒಂದು ಭಾನುವಾರ ಅವರ ಜೊತೆ ಆ ಚರ್ಚಿಗೆ ಹೋದೆ. ಪ್ರಾರ್ಥನೆ ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಊಟ. ಬೆಂದ ಸೊಪ್ಪು ಕಂಡು ಸಂತೋಷವಾಗಿ ತಟ್ಟೆ ತುಂಬ ಬಡಿಸಿಕೊಂಡೆ. ಬೀಗಿತ್ತಿ ಓಡಿಬಂದು ತಟ್ಟೆ ಕಿತ್ತುಕೊಂಡು, "ಅದರಲ್ಲಿ ಹಂದಿ ಇದೆ ಕಣ್ರೀ" ಎಂದರು. ಕೊನೆಗೆ ಜೋಳದ ಬ್ರೆಡ್ಡು, ಬೆಣ್ಣೆ, ಪೀಚ್ ಹಣ್ಣಿನ ಸಿಹಿ. ಅದನ್ನು ತಿನ್ನುತ್ತ ಎದುರು ಕೂತ ಹಿರಿಯರನ್ನೆಲ್ಲ ನಿಮ್ಮ ತಂದೆತಾಯಿ ಎಲ್ಲಿಯವರು ಎಂದು ಒಬ್ಬೊಬ್ಬರನ್ನಾಗಿ ಕೇಳಿಕೊಂಡು ಹೋದೆ. ಮಗಳು ಜೊತೆಯಲ್ಲಿ ಇಲ್ಲದ್ದು ಒಳ್ಳೆಯದೇ ಆಯಿತು.

ತೊಂಬತ್ತರ ಹತ್ತಿರದ ಒಬ್ಬ ಮುದುಕರು ನನ್ನನ್ನು ಬಿಟ್ಟು ಬೀಗಿತ್ತಿಯನ್ನೇ ನೋಡುತ್ತ ಕೂತಿದ್ದರು. ಆಮೇಲೆ ಹೇಳಿದರು: "ನಿಮ್ಮ ಅಜ್ಜಿಯನ್ನ ಸ್ಟೇಷನ್ನಿಂದ ಮನೆಗೆ ಕರ್ಕೊಂಡು ಬಂದಿದ್ದು ನನ್ನ ತಾಯಿ. ನಾನು ಹುಟ್ಟೋಕೆ ಮೊದಲಿನ ಮಾತು. ಇಬ್ಬರೂ ಒಂದೇ ಊರಿನವರು. ಇದನ್ನ ಎಲ್ಲೂ ಆಡಬೇಡ ಅಂತ ನನ್ನ ತಾಯಿ ಹೇಳಿದ್ದಳು."

"ಯಾಕೆ?" ಎಂದರು ಬೀಗಿತ್ತಿ.

"ಯಾಕೆ ಅಂತ ನನಗೂ ಹೇಳಲಿಲ್ಲ. ಬೇಡ ಅಂದವರೆಲ್ಲ ಈಗ ಹೋಗಿಬಿಟ್ಟರು. ಇನ್ನು ಹೇಳಬಹುದೇನೋ." ಸೌತ್ ಕೆರೊಲಿನಾದಲ್ಲಿ ಒಂದು ನದಿಯ ಪಕ್ಕ ಎರಡು ರಸ್ತೆ ಕೂಡುವ ಕಡೆ ಇರುವ ಚರ್ಚಿನ ಗುರುತು ಹೇಳಿದರು. ಆಗಸ್ಟಿನಲ್ಲಿ ಒಂದು ಭಾನುವಾರ ಊರು ಬಿಟ್ಟುಹೋದವರೆಲ್ಲ ಅಲ್ಲಿ ಸೇರುತ್ತಾರೆ, ಹಿರಿಯರ ಸಮಾಧಿ ಶುಚಿ ಮಾಡಿ ಒಟ್ಟಿಗೆ ಊಟ ಮಾಡುತ್ತಾರೆ, ತಮ್ಮ ತಾಯಿ ಮೈಯಲ್ಲಿ ಶಕ್ತಿ ಇರುವವರೆಗೂ ಪ್ರತಿವರ್ಷ ಹೋಗುತ್ತಿದ್ದಳು ಎಂದರು.

"ಪ್ರತಿವರ್ಷ ಚರ್ಚಿನಿಂದ ಬಸ್ಸು ಹೊರಡ್ತಿತ್ತು. ನನಗೆ ಚೆನ್ನಾಗಿ ನೆನಪಿದೆ. ಅದು ಅಜ್ಜಿಯ ಊರಿನ ಬಸ್ಸು ಅಂತ ಗೊತ್ತಿರಲಿಲ್ಲ" ಎಂದರು ಬೀಗಿತ್ತಿ ಕಾರಿನಲ್ಲಿ. "ನನ್ನ ಅಜ್ಜಿ ಅವರಿಗೆಲ್ಲ ದಾರಿಗೆ ಕೋಳಿ ಹುರಿದು ಕಟ್ಟಿಕೊಡ್ತಿದ್ದಳು. ಒಂದು ಸಲವೂ ಹತ್ತಲಿಲ್ಲ. ಅಷ್ಟು ಬೇಡವಾಗಿತ್ತಾ ಊರು?" ಈ ಹುಡುಕಾಟದ ಕೊನೆಯಲ್ಲಿ ಅವರಿಗೆ ನೋವಾಗುವಂಥದ್ದು ಏನಾದರೂ ಸಿಕ್ಕಿದರೆ ಎಂದು ಆವತ್ತು ಮೊದಲ ಸಲ ಹೆದರಿಕೆಯಾಯಿತು.

ಆಗಸ್ಟಿನಲ್ಲಿ ನಾವಿಬ್ಬರೇ ಫ್ಲೈಟ್ ಹಿಡಿದು ಹೋದೆವು. ಇಳಿದರೆ ಮಂಗಳೂರಿನ ಮೇ ತಿಂಗಳ ಸೆಕೆ. ಬಾಡಿಗೆ ಕಾರನ್ನು ಬೀಗಿತ್ತಿ ಓಡಿಸಿದರು. ನಾನು ದಾರಿ ಹೇಳಿದೆ, ತಪ್ಪು ಹೇಳಿದೆ, ಇಬ್ಬರೂ ಸ್ವಲ್ಪ ಜಗಳವಾಡಿದೆವು. ಹತ್ತಿಯ ಹೊಲಗಳು ಮುಗಿದ ಕಡೆ ಬಿಳಿ ಬಣ್ಣದ ಸಣ್ಣ ಚರ್ಚು, ಮುಂದೆ ಮರದ ನೆರಳಿನಲ್ಲಿ ಉದ್ದದ ಮೇಜುಗಳು, ಬಣ್ಣದ ಟೋಪಿ ಹಾಕಿದ ಹೆಂಗಸರು. ಹಿಂದಿನ ಸ್ಮಶಾನ ನೋಡಿ ನನಗೆ ಆಶ್ಚರ್ಯವಾಯಿತು. ನ್ಯೂಜೆರ್ಸಿಯ ಸ್ಮಶಾನಗಳಲ್ಲಿ ನೆಲ ಕಾಣದಷ್ಟು ಹುಲ್ಲು. ಇಲ್ಲಿ ಒಂದು ಎಸಳೂ ಇಲ್ಲ. ಬರಿ ಮಣ್ಣು, ನಮ್ಮೂರಿನ ಮನೆಯ ಮುಂದಿನ ಅಂಗಳದ ಹಾಗೆ ಗುಡಿಸಿ, ಪೊರಕೆಯ ಗೆರೆಗಳು ಇನ್ನೂ ಎದ್ದು ಕಾಣುತ್ತಿದ್ದವು.

ಮೇಜಿನ ತುದಿಯ ಕುರ್ಚಿಯಲ್ಲಿ ನೇರಳೆ ಟೋಪಿಯ ಒಬ್ಬ ಮುದುಕಿ ಕೂತಿದ್ದರು. ನಾವು ಹತ್ತಿರ ಹೋದ ಕೂಡಲೇ ನಮಸ್ಕಾರ, ಗಿಮಸ್ಕಾರ ಏನೂ ಇಲ್ಲ, ಬೀಗಿತ್ತಿಯನ್ನು ನೋಡಿ, "ಹೂ ಯುವರ್ ಪೀಪಲ್?" ಎಂದರು.

ಅಂದರೆ ನಮ್ಮ ಮಾತಿನಲ್ಲಿ, ಯಾರ ಪೈಕಿ ನೀವು? ಎಷ್ಟು ಮದುವೆಮನೆಗಳಲ್ಲಿ, ಎಷ್ಟು ಬಸ್‌ಸ್ಟ್ಯಾಂಡುಗಳಲ್ಲಿ ಈ ಪ್ರಶ್ನೆ ಕೇಳಿ ಬೆಳೆದವಳು ನಾನು. ಅಮೆರಿಕದಲ್ಲಿ ಇಷ್ಟು ವರ್ಷವಾಗಿ ಒಬ್ಬರೂ ಕೇಳಿರಲಿಲ್ಲ. ನೀವು ಏನು ಕೆಲಸ ಮಾಡುತ್ತೀರಿ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಆ ಮುದುಕಿಯ ಪಕ್ಕ ಕೂತು ಸಂಜೆಯವರೆಗೂ ಹರಟಬೇಕೆನಿಸಿತು.

ಬೀಗಿತ್ತಿ ಮಾತ್ರ ತಡವರಿಸಿದರು. ಗಣಿತದ ಟೀಚರು, ಯಾರಿಗೂ ಹೆದರದವರು, ಶಾಲೆಯ ಹುಡುಗಿಯ ಹಾಗೆ ಕೈ ಹಿಸುಕಿಕೊಂಡು, "ನನಗೆ ಗೊತ್ತಿಲ್ಲಮ್ಮ" ಎಂದರು.

ನನಗೆ ತಡೆಯಲಾಗಲಿಲ್ಲ. "ಇವರ ಅಜ್ಜಿ ಈ ಊರಿನವರು, ಹುಡುಗಿಯಾಗಿದ್ದಾಗ ನ್ಯೂವಾರ್ಕಿಗೆ ಹೋದೋರು" ಎಂದು ಅಜ್ಜಿಯ ಹೆಸರು ಹೇಳಿದೆ. ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋದವರ ಹೆಸರೂ ಹೇಳಿದೆ.

ಮುದುಕಿ ಕೈಯಲ್ಲಿದ್ದ ಬೀಸಣಿಗೆ ಕೆಳಗಿಟ್ಟರು. "ಹತ್ತಿರ ಬಾ" ಎಂದು ಬೀಗಿತ್ತಿಯ ಗದ್ದ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಎಷ್ಟು ತಡ ಮಾಡಿದಿರಿ" ಎಂದರು. ಕೋಪವಿತ್ತು ದನಿಯಲ್ಲಿ. ಆಮೇಲೆ ಕಣ್ಣೊರೆಸಿಕೊಂಡರು. ಆ ಮುದುಕಿ ಬೀಗಿತ್ತಿಯ ಅಜ್ಜಿಯ ತಮ್ಮನ ಮಗಳಂತೆ. ಇವರನ್ನು ಸಾಕಿ ಬೆಳೆಸಿದ್ದು ಆ ಅಜ್ಜಿಯ ತಾಯಿ, ನಾವು ಹುಡುಕುತ್ತಿದ್ದ ಮುತ್ತಜ್ಜಿಯೇ.

ಹೆಸರು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರ ಮನೆಯ ಸೊತ್ತು. ಸಾದಾ ಹೆಸರು, ಬೈಬಲ್ಲಿನದು. ಬೀಗಿತ್ತಿ ಅದನ್ನು ಬಾಯೊಳಗೇ ಹೇಳಿಕೊಂಡರು.

"ನನ್ನ ಅಜ್ಜಿ ಯಾಕೆ ವಾಪಸ್ ಬರಲಿಲ್ಲ?" ಎಂದು ಕೇಳಿದರು. "ಇಲ್ಲಿಯವರಿಗೆ ಬೇಡವಾಗಿದ್ದಳಾ?"

ಮುದುಕಿ ಒಂದೊಂದೇ ಮಾತಾಗಿ ಹೇಳಿದರು. ಹೊಲದ ಬಿಳಿಯ ಒಡೆಯನ ಮಗ ಆ ಹುಡುಗಿಯ ಮೇಲೆ ಕಣ್ಣು ಹಾಕಿದ್ದ, ಮನೆಯ ಹತ್ತಿರ ಸುಳಿದಾಡತೊಡಗಿದ್ದ. ಬೇಡವೆನ್ನುವ ಹಾಗಿರಲಿಲ್ಲ. ಬೇಡವೆಂದ ಮನೆಗಳ ಗಂಡುಮಕ್ಕಳಿಗೆ ಏನಾಗುತ್ತಿತ್ತೆಂದು ಎಲ್ಲರಿಗೂ ಗೊತ್ತಿತ್ತು. ತಾಯಿ ನ್ಯೂವಾರ್ಕಿನಲ್ಲಿದ್ದ ತಮ್ಮೂರಿನ ಆ ಹೆಂಗಸಿಗೆ ಬಿಟ್ಟು ಬೇರೆ ಯಾರಿಗೂ ಹೇಳದೆ ಮಗಳನ್ನು ಸ್ಟೇಷನ್ನಿಗೆ ನಡೆಸಿಕೊಂಡು ಹೋಗಿ ರೈಲು ಹತ್ತಿಸಿದಳು. "ವಾಪಸ್ ಬರಬೇಡ. ಕಾಗದ ಬರೆಯಬೇಡ. ಎಲ್ಲಿಯವಳು, ಯಾರ ಮಗಳು ಅಂತ ಯಾರು ಕೇಳಿದ್ರೂ ಹೇಳಬೇಡ. ಹೇಳಿದ್ರೆ ನಿನ್ನ ತಮ್ಮಂದಿರು ಉಳಿಯೋದಿಲ್ಲ" ಎಂದು ಮಾತು ತೆಗೆದುಕೊಂಡು ಕಳಿಸಿದಳು. ಮಗಳು ಓಡಿಹೋದಳೆಂದು ಊರಿಗೆ ಸುದ್ದಿ ಹಬ್ಬಿಸಿದಳು.

"ನನ್ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಅವರೆಕಾಯಿ ಸುಲಿಯುತ್ತಾ ಇದನ್ನೆಲ್ಲ ಹೇಳಿದ್ದಳು" ಎಂದರು ಮುದುಕಿ. "ಪ್ರತಿ ಆಗಸ್ಟಿನಲ್ಲೂ ನ್ಯೂವಾರ್ಕಿನ ಬಸ್ಸು ಬಂದಾಗ ಬಾಗಿಲಲ್ಲಿ ನಿಂತಿರೋಳು. ನಿನ್ನ ಅಜ್ಜಿಯನ್ನ ಕರ್ಕೊಂಡು ಹೋದ ಆ ಹೆಂಗಸು ಇಳಿದು ಬಂದು 'ಚೆನ್ನಾಗಿದ್ದಾಳೆ' ಅನ್ನೋಳು. ಅಷ್ಟೇ ಮಾತು. ಅದನ್ನ ಕೇಳಿಕೊಂಡು ಒಳಗೆ ಹೋಗಿ ಅಡುಗೆ ಮಾಡೋಳು."

ನಾನು ಟೋಪಿಯ ಹೆಂಗಸರ ಮುಂದೆ ನಾಚಿಕೆ ಬಿಟ್ಟು ಅತ್ತೆ. ಬೀಗಿತ್ತಿ ಅಳಲಿಲ್ಲ. "ಎಲ್ಲಿದ್ದಾಳೆ?" ಎಂದರು.

ಸಮಾಧಿಗೆ ಕಲ್ಲು ಇರಲಿಲ್ಲ. ಒಂದು ಸೀಡರ್ ಮರದ ಕೆಳಗೆ ಅಂಚು ಕಟ್ಟಿದ ಮಣ್ಣು, ತಲೆಯ ಕಡೆ ಗುರುತಿಗೆಂದು ನೆಲದಲ್ಲಿ ಅರ್ಧ ಹುಗಿದ ಒಂದು ಬಿಳಿ ಪಿಂಗಾಣಿ ಬಟ್ಟಲು. ಆ ದಿನ ಬೆಳಿಗ್ಗೆಯೇ ಗುಡಿಸಿದ್ದರು. ಬೀಗಿತ್ತಿ ಆ ಗೆರೆಗಳನ್ನು ತುಳಿಯದೆ ಅಂಚಿನಲ್ಲಿ ನಿಂತರು. ನಾನು ಹತ್ತಿರ ಹೋಗಲೋ ಬೇಡವೋ ಎಂದು ಹಿಂದೆ ನಿಂತುಕೊಂಡೆ. ಅವರು ಆ ಹೆಸರು ಹಿಡಿದು ಒಮ್ಮೆ ಕರೆದರು, ದೂರದಲ್ಲಿರುವವರನ್ನು ಕರೆಯುವಷ್ಟು ಗಟ್ಟಿಯಾಗಿ.

"ನಿಮ್ಮ ಮಗಳು ನಿಮ್ಮ ಮಾತು ಮೀರಲಿಲ್ಲ" ಎಂದರು. "ಎಷ್ಟು ಕೇಳಿದೆ ನಾನು. ಸಾಯೋವರೆಗೂ ನನಗೂ ಹೇಳಲಿಲ್ಲ."